ಟವರ್ ಸಿಗದ ಕಾಡುದಾರಿಗೆ ಟ್ಯಾಬ್ಲೆಟ್ ಯಾವ್ದು, ಆ್ಯಪ್ ಯಾವ್ದು, ಮನೇಲೇ ಮಾಡ್ಕೊಂಡು ಹೊರಡ್ಬೇಕಾದ ತಯಾರಿ ಏನು

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಂಡ್ಬಿಡೋಣ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಸಿಮ್ಮೂ ಬೇಡ, ಟವರೂ ಬೇಡ. ಸ್ಯಾಟಲೈಟಿಂದ ಬರೋ ಸಿಗ್ನಲ್ ಹಿಡಿದು ನೀವೆಲ್ಲಿದೀರ ಅಂತ ಲೆಕ್ಕ ಹಾಕೋದು ಟ್ಯಾಬ್ ಒಳಗಿರೋ ರಿಸೀವರ್ರೇ. ನೆಟ್ ಬೇಕಾಗೋದು ಮ್ಯಾಪ್ ಇಳಿಸ್ಕೊಳೋಕೆ. ಅದಕ್ಕೇ ಸಕಲೇಶಪುರದಿಂದ ಬಿಸ್ಲೆ ಕಡೆ ಹೊರಳಿ ಟವರ್ ಹೋದ್ಮೇಲೂ ನೀಲಿ ಚುಕ್ಕೆ ಸರಿಯಾದ ಜಾಗದಲ್ಲೇ ಇರತ್ತೆ, ಸುತ್ತ ಮಾತ್ರ ಖಾಲಿ ಬೂದು ಬಣ್ಣ. ಆ ಖಾಲಿ ಜಾಗಾನ ಮನೇಲೇ ತುಂಬಿಸ್ಕೊಂಡು ಹೊರಟ್ರೆ ಮುಕ್ಕಾಲು ಕೆಲಸ ಮುಗೀತು. ತುಂಬಾ ಜನ ನಲವತ್ತು ಐವತ್ತು ಸಾವಿರ ಕೊಟ್ಟು ಟ್ಯಾಬ್ ತಗೊಂಡು ಮ್ಯಾಪಿಗೆ ಅರ್ಧ ಗಂಟೆನೂ ಕೊಡಲ್ಲ. ನನ್ನ ಲೆಕ್ಕದಲ್ಲಿ ಅದು ಉಲ್ಟಾ ಇರ್ಬೇಕು, ಸಾಧಾರಣ ಟ್ಯಾಬ್ ತಗೊಂಡು ಎರಡು ರಾತ್ರಿ ಮ್ಯಾಪ್ ಮುಂದೆ ಕೂತ್ರೆ ದುಬಾರಿ ಟ್ಯಾಬಿಗಿಂತ ಚೆನ್ನಾಗಿ ಕೆಲಸ ಆಗತ್ತೆ.

ಇಲ್ಲಿ ಬರೀತಿರೋದೆಲ್ಲ ಮಲೆನಾಡು, ಕೊಡಗು, ಪಶ್ಚಿಮ ಘಟ್ಟದ ಕಡೆ ಜಿಮ್ನಿ, ಥಾರ್, ಹಳೇ ಜಿಪ್ಸಿ ಥರದ ಗಾಡೀಲಿ ಓಡಾಡೋರಿಗೆ. ಲಡಾಖ್ ಕಡೆ ಹೋಗೋರಿಗೆ ಚಳೀಲಿ ಬ್ಯಾಟರಿ ಇಳಿಯೋದೇ ಮುಂತಾದ ಬೇರೆ ತಲೆನೋವುಗಳಿವೆ, ಅದನ್ನ ಇಲ್ಲಿ ಎತ್ಕೊಳ್ತಿಲ್ಲ.

ಟ್ಯಾಬ್ ತಗೋವಾಗ ಮೊದಲ್ನೇ ಪ್ರಶ್ನೆ, ಒಳಗೆ ನಿಜವಾದ ಜಿಪಿಎಸ್ ಇದ್ಯಾ ಇಲ್ವಾ. ಐಪ್ಯಾಡ್ ವಿಚಾರದಲ್ಲಿ ಇದು ಸುಲಭ: ವೈಫೈ ಮಾತ್ರ ಇರೋ ಐಪ್ಯಾಡಲ್ಲಿ ಜಿಪಿಎಸ್ ಇರಲ್ಲ, ಸೆಲ್ಯುಲರ್ ಮಾಡೆಲ್ಲಲ್ಲಿ ಇರತ್ತೆ, ಅದಕ್ಕೆ ಸಿಮ್ ಹಾಕದೇ ಇದ್ರೂ ಜಿಪಿಎಸ್ ಕೆಲಸ ಮಾಡತ್ತೆ. ವೈಫೈ ಐಪ್ಯಾಡ್ ಮನೇಲಿ ಮ್ಯಾಪ್ ತೆಗೆದ್ರೆ ಜಾಗ ಸರಿಯಾಗೇ ತೋರಿಸತ್ತೆ ಯಾಕಂದ್ರೆ ಅದು ಸುತ್ತಮುತ್ತ ಇರೋ ವೈಫೈ ರೌಟರ್‌ಗಳನ್ನ ನೋಡಿ ಅಂದಾಜು ಮಾಡತ್ತೆ, ಕಾಡಲ್ಲಿ ರೌಟರ್ ಎಲ್ಲಿಂದ ಬರ್ಬೇಕು. ಆಂಡ್ರಾಯ್ಡಲ್ಲಿ ಇಷ್ಟು ನೇರ ಇಲ್ಲ, ಕೆಲವು ಕಂಪ್ನಿ ವೈಫೈ ಮಾಡೆಲ್ಲಲ್ಲೂ ಜಿಪಿಎಸ್ ಕೊಡ್ತಾರೆ, ಅಗ್ಗದ ಎಷ್ಟೋ ಟ್ಯಾಬಲ್ಲಿ ಇರೋದೇ ಇಲ್ಲ. ಆನ್‌ಲೈನ್ ಅಂಗಡಿ ಪೇಜಲ್ಲಿ ಬರೆದಿರೋದನ್ನ ನಂಬ್ಬೇಡಿ, ತಯಾರಕರ ಸ್ವಂತ ಸೈಟಲ್ಲಿ ಸ್ಪೆಸಿಫಿಕೇಶನ್ ತೆಗೆದು ಲೊಕೇಶನ್ ಅನ್ನೋ ಸಾಲು ನೋಡಿ. ಅಲ್ಲಿ ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ಅಂತ ಬೇರೆ ಬೇರೆ ದೇಶದ ಸ್ಯಾಟಲೈಟ್ ವ್ಯವಸ್ಥೆಗಳ ಹೆಸರುಗಳು ಇರ್ಬೇಕು. ನಮ್ಮ ನಾವಿಕ್ ಹೆಸರೂ ಇದ್ರೆ ಒಳ್ಳೇದು, ಇಲ್ಲ ಅಂತ ಒಳ್ಳೆ ಟ್ಯಾಬ್ ಬಿಡೋ ಅಗತ್ಯ ಏನಿಲ್ಲ.

ಅಂಗಡೀಲೇ ತಗೋತಿದ್ರೆ, ಇಲ್ಲಾ ಸೆಕೆಂಡ್ ಹ್ಯಾಂಡ್ ತಗೋತಿದ್ರೆ, ಒಂದು ಟೆಸ್ಟ್ ಮಾಡಿ. ಜಿಪಿಎಸ್ ಟೆಸ್ಟ್ ಅನ್ನೋ ಪುಕ್ಕಟೆ ಆ್ಯಪ್ ಹಾಕಿ, ವೈಫೈ ಆಫ್ ಮಾಡಿ, ಫ್ಲೈಟ್ ಮೋಡ್ ಆನ್ ಮಾಡಿ, ಲೊಕೇಶನ್ ಮಾತ್ರ ಆನ್ ಇಟ್ಟು ಅಂಗಡಿ ಹೊರಗಡೆ ಆಕಾಶ ಕಾಣೋ ಕಡೆ ಬನ್ನಿ. ಮೊದ್ಲು ಸ್ಕ್ರೀನಲ್ಲಿ ಸ್ಯಾಟಲೈಟ್ ಲಿಸ್ಟ್ ಒಂದೊಂದಾಗಿ ಬರತ್ತೆ, ಪಕ್ಕದಲ್ಲಿ ಸಿಗ್ನಲ್ ಬಲದ ನಂಬರ್ ಇರತ್ತೆ, ಅದು ಮೂವತ್ತು ದಾಟಿದ್ದು ಏಳೆಂಟು ಇದ್ರೆ ಆರಾಮ. ಫಿಕ್ಸ್ (ಅಂದ್ರೆ ನೀವಿರೋ ಜಾಗ ಖಚಿತವಾಗೋದು) ಸಿಗೋಕೆ ಮೂವತ್ತು ಸೆಕೆಂಡೂ ಆಗ್ಬೋದು, ನಾಲ್ಕೈದು ನಿಮಿಷಾನೂ ಆಗ್ಬೋದು, ಹೊಸ ಡಬ್ಬದಿಂದ ತೆಗೆದಿದ್ದಾದ್ರೆ ಇನ್ನೂ ಜಾಸ್ತಿ. ಇದಕ್ಕೆ ಕಾರಣ ಇದೆ. ನೆಟ್ ಇದ್ದಾಗ ಸ್ಯಾಟಲೈಟ್‌ಗಳು ಎಲ್ಲೆಲ್ಲಿವೆ ಅನ್ನೋ ಮಾಹಿತಿ ಟವರ್ ಮೂಲಕ ಚಕ್ ಅಂತ ಬಂದ್ಬಿಡತ್ತೆ, ಇಲ್ದಿದ್ರೆ ಸ್ಯಾಟಲೈಟಿಂದಲೇ ನಿಧಾನಕ್ಕೆ ಓದ್ಕೋಬೇಕು, ಪೂರ್ತಿ ಪಟ್ಟಿ ಇಳೀಬೇಕು ಅಂದ್ರೆ ಹನ್ನೆರಡೂವರೆ ನಿಮಿಷ. ಹಾಗಾಗಿ ಟ್ರಿಪ್ ದಿನ ಬೆಳಿಗ್ಗೆ ಟವರ್ ಇರೋ ಕಡೇನೇ ಮ್ಯಾಪ್ ತೆಗೆದು ಒಂದು ಫಿಕ್ಸ್ ತಗೊಂಡು ಹೊರಡಿ, ಕಾಡೊಳಗೆ ಹೋಗಿ ಮೊದಲ ಸಲ ಆನ್ ಮಾಡ್ಬೇಡಿ.

ಅದೇ ಆ್ಯಪಲ್ಲಿ ಇನ್ನೊಂದು ನೋಡ್ಕೊಳಿ, ಕಂಪಾಸ್ ಇದ್ಯಾ ಅಂತ. ಅಗ್ಗದ ಟ್ಯಾಬ್‌ಗಳಲ್ಲಿ ದುಡ್ಡು ಉಳಿಸೋಕೆ ಮ್ಯಾಗ್ನೆಟೋಮೀಟರ್ (ದಿಕ್ಕು ಹೇಳೋ ಸೆನ್ಸರ್) ಹಾಕಿರಲ್ಲ. ಗಾಡಿ ಓಡ್ತಿದ್ದಾಗ ಬಾಣದ ಗುರುತು ಸರಿಯಾಗಿ ತಿರುಗತ್ತೆ, ನಿಂತ್ಕೊಂಡು ಮೂರು ದಾರಿ ಕೂಡೋ ಕಡೆ ಯಾವ್ದು ಅಂತ ನೋಡ್ವಾಗ ಮಾತ್ರ ಅದಕ್ಕೆ ಯಾವ ಕಡೆ ಮುಖ ಮಾಡಿದೀವಿ ಅಂತ ಗೊತ್ತಾಗಲ್ಲ. ದೊಡ್ಡ ತೊಂದರೆ ಅಲ್ಲ, ಹತ್ತು ಮೀಟರ್ ಮುಂದೆ ಹೋದ್ರೆ ಗೊತ್ತಾಗತ್ತೆ, ಆದ್ರೆ ಜಾರು ಇಳಿಜಾರಲ್ಲಿ ಹತ್ತು ಮೀಟರ್ ಮುಂದೆ ಹೋಗೋದೂ ಒಂದೊಂದ್ಸಲ ಜಾಸ್ತಿನೇ.

ಸೈಜ್ ಬಗ್ಗೆ ನನ್ನ ಅಭಿಪ್ರಾಯ ಎಂಟು ಇಂಚು. ಹತ್ತು ಹನ್ನೊಂದು ಇಂಚಿಂದು ಮನೇಲಿ ಮ್ಯಾಪ್ ನೋಡೋಕೆ ಸುಖ, ಆದ್ರೆ ಜಿಮ್ನಿ ಡ್ಯಾಶಲ್ಲಿ ಅದನ್ನ ಕೂರಿಸಿದ್ರೆ ಎಡಗಡೆ ಬಾನೆಟ್ ಮೂಲೆ ಕಾಣೋದೇ ನಿಂತೋಗತ್ತೆ, ಕಲ್ಲಿನ ಮೇಲೆ ಚಕ್ರ ಇಡೋವಾಗ ಬೇಕಾಗಿರೋದು ಅದೇ ಮೂಲೆ. ಪಕ್ಕದಲ್ಲಿ ಕೂತೋರು ತೊಡೆ ಮೇಲೆ ಇಟ್ಕೊಂಡು ನೋಡ್ತಾರೆ ಅಂದ್ರೆ ದೊಡ್ಡದೂ ನಡೆಯತ್ತೆ. ರಫ್ ಬಳಕೆಗೇ ಮಾಡಿರೋದು ಬೇಕು ಅಂದ್ರೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ ಸೀರೀಸ್ ಇದೆ, ಆ್ಯಕ್ಟಿವ್ 3, ಆ್ಯಕ್ಟಿವ್ 5 ಎರಡೂ ಎಂಟು ಇಂಚು, ನೀರು ಧೂಳಿಗೆ ಐಪಿ 68, ಬ್ಯಾಟರಿ ನಾವೇ ಬಿಚ್ಚಿ ಹಾಕ್ಬೋದು, ಬ್ಯಾಟರಿ ತೆಗೆದು ನೇರ ಚಾರ್ಜರ್ ಪವರಲ್ಲೇ ಓಡಿಸೋ ಅವಕಾಶನೂ ಇದೆ. ಡ್ಯಾಶ್ ಮೇಲೆ ಬಿಸಿಲಲ್ಲಿ ದಿನವಿಡೀ ಚಾರ್ಜಲ್ಲಿ ಇರೋ ಬ್ಯಾಟರಿ ಉಬ್ಬೋದೇ ದೊಡ್ಡ ಭಯ, ಅದಕ್ಕೆ ಇದು ಒಳ್ಳೆ ಮದ್ದು. ಬೆಲೆ ಮಾತ್ರ ಅದೇ ಶಕ್ತಿಯ ಮಾಮೂಲಿ ಟ್ಯಾಬಿಗಿಂತ ಸುಮಾರು ಮೇಲೆ. ವರ್ಷಕ್ಕೆ ಮೂರ್ನಾಲ್ಕು ಸಲ ಹೋಗೋರಿಗೆ ಮಾಮೂಲಿ ಟ್ಯಾಬಿಗೆ ಒಂದು ದಪ್ಪ ರಬ್ಬರ್ ಕೇಸ್ ಸಾಕು.

ಸ್ಕ್ರೀನ್ ಬ್ರೈಟ್ನೆಸ್ ಬಗ್ಗೆ ಜಿಪುಣತನ ಮಾಡ್ಬೇಡಿ. ನಿಟ್ಸ್ ಅಂತ ಒಂದು ಅಳತೆ ಬರೆದಿರ್ತಾರೆ, ನಾನೂರರ ಒಳಗೆ ಇದ್ರೆ ಮಧ್ಯಾಹ್ನ ಬಿಸಿಲಲ್ಲಿ ನಿಮ್ಮ ಮುಖವೇ ಕಾಣತ್ತೆ, ಐನೂರರ ಮೇಲಿದ್ರೆ ಪರವಾಗಿಲ್ಲ. ಮ್ಯಾಟ್ ಸ್ಕ್ರೀನ್ ಗಾರ್ಡ್ ಹಾಕಿಸ್ಕೊಳಿ, ಗಾಜಿನ ಪ್ರತಿಫಲನ ತುಂಬಾ ಕಮ್ಮಿ ಆಗತ್ತೆ. ಓಪನ್ ಜೀಪಲ್ಲಿ ಹೋಗೋರು ಇನ್ನೊಂದು ನೆನಪಿಡಿ, ಸ್ಕ್ರೀನ್ ಮೇಲೆ ಮಳೆ ಹನಿ ಬಿದ್ರೆ ಟಚ್ ತನ್ನಷ್ಟಕ್ಕೇ ಜೂಮ್ ಆಗೋದು, ಮೆನು ತೆಗೆಯೋದು ಶುರುವಾಗತ್ತೆ. ಓಸ್ಮ್ಯಾಂಡ್ (ಮುಂದೆ ಹೇಳೋ ಮ್ಯಾಪ್ ಆ್ಯಪ್) ಥರದ್ದರಲ್ಲಿ ಟಚ್ ಲಾಕ್ ಮಾಡೋ ಬಟನ್ ಹಾಕ್ಕೋಬೋದು, ಅದನ್ನ ಮೊದ್ಲೇ ಹುಡುಕಿ ಇಟ್ಕೊಳಿ.

ಬಿಸಿ ಬಗ್ಗೆ: ಆಪಲ್ ತನ್ನ ಐಪ್ಯಾಡ್ ಬಳಸೋಕೆ ಹೇಳೋ ಹೊರಗಿನ ಉಷ್ಣಾಂಶ 35 ಡಿಗ್ರಿ ತನಕ. ಏಪ್ರಿಲಲ್ಲಿ ಮುಚ್ಚಿದ ಗಾಡಿ ಡ್ಯಾಶ್ ಇದನ್ನ ಹತ್ತು ನಿಮಿಷಕ್ಕೆ ದಾಟತ್ತೆ, ಆಮೇಲೆ ಸ್ಕ್ರೀನ್ ಮಂಕಾಗತ್ತೆ, ಚಾರ್ಜಿಂಗ್ ನಿಲ್ಲತ್ತೆ, ಕೊನೆಗೆ ಆಫ್. ಆಂಡ್ರಾಯ್ಡ್ ಕೂಡ ಇದೇ ಕಥೆ. ಗಾಜಿಗೆ ಅಂಟಿಸ್ಬೇಡಿ, ಎಸಿ ಗಾಳಿ ಬರೋ ಕಿಂಡಿ ಮುಂದೆ ಇರೋ ಹಾಗೆ ಮೌಂಟ್ ಮಾಡಿ, ಊಟಕ್ಕೆ ನಿಲ್ಲಿಸಿದ್ರೆ ಬಿಚ್ಚಿ ಸೀಟ್ ಕೆಳಗೆ ಹಾಕಿ.

ಮೌಂಟ್ ಅಂದ್ಮೇಲೆ, ಗಾಜಿಗೆ ಅಂಟೋ ಸಕ್ಷನ್ ಕಪ್ ಇದ್ಯಲ್ಲ, ಫೋನಿಗೆ ಸರಿ, ಅರ್ಧ ಕೆಜಿ ಟ್ಯಾಬಿಗೆ ಅಲ್ಲ. ಕಲ್ಲು ದಾರೀಲಿ ಅದು ಮೊದ್ಲು ಕಂಪಿಸತ್ತೆ, ಆಮೇಲೆ ತಲೆ ಬಾಗಿಸತ್ತೆ, ಆಮೇಲೆ ಗೇರ್ ಲಿವರ್ ಮೇಲೆ ಬಿದ್ದು ಡ್ರೈವರ್ ಕಣ್ಣು ದಾರಿಯಿಂದ ತಪ್ಪಿಸತ್ತೆ. ಥಾರ್, ಜಿಮ್ನಿ ಎರಡರಲ್ಲೂ ಮುಂದಿನ ಪ್ಯಾಸೆಂಜರ್ ಎದುರಿಗೆ ಹಿಡ್ಕೊಳೋ ಹ್ಯಾಂಡಲ್ ಇದೆ, ಅದಕ್ಕೆ ಕ್ಲ್ಯಾಂಪ್ ಬಿಗಿದು ಬಾಲ್ ಜಾಯಿಂಟ್ ಇರೋ ತೋಳು ಹಾಕಿದ್ರೆ ಗಟ್ಟಿ. ತೋಳು ಎಷ್ಟು ಗಿಡ್ಡವೋ ಅಷ್ಟು ಕಂಪನ ಕಮ್ಮಿ. ಚಾರ್ಜರ್‌ಗೆ ಗಾಡೀಲಿರೋ ಹಳೇ ಯುಎಸ್‌ಬಿ ಪೋರ್ಟ್ ನಂಬ್ಕೋಬೇಡಿ, ಫುಲ್ ಬ್ರೈಟ್ನೆಸ್ ಇದ್ದಾಗ ಅದು ಕೊಡೋದಕ್ಕಿಂತ ಟ್ಯಾಬ್ ತಿನ್ನೋದೇ ಜಾಸ್ತಿ, ಚಾರ್ಜ್ ಹಾಕಿದ್ರೂ ಪರ್ಸೆಂಟ್ ಇಳೀತಾ ಇರತ್ತೆ. 12 ವೋಲ್ಟ್ ಸಾಕೆಟ್ಟಿಗೆ ಮೂವತ್ತು ವ್ಯಾಟ್ ಪಿಡಿ (ಪವರ್ ಡೆಲಿವರಿ, ಫಾಸ್ಟ್ ಚಾರ್ಜಿಂಗ್ ಬಗೆ) ಚಾರ್ಜರ್ ಹಾಕಿ, ಕೇಬಲ್ ಎರಡು ಇಟ್ಕೊಳಿ, ಕಾಡಲ್ಲಿ ಮೊದ್ಲು ಸಾಯೋದು ಕೇಬಲ್ಲೇ.

ಈಗಾಗ್ಲೇ ವೈಫೈ ಐಪ್ಯಾಡ್ ಇದೆ, ಹೊಸದು ತಗೊಳಲ್ಲ ಅನ್ನೋರಿಗೆ ಬ್ಲೂಟೂತ್ ಜಿಪಿಎಸ್ ರಿಸೀವರ್ ಸಿಗತ್ತೆ, ಗಾರ್ಮಿನ್ ಗ್ಲೋ 2 ಥರದ್ದು. ಡ್ಯಾಶ್ ಮೇಲೆ ಆಕಾಶ ಕಾಣೋ ಕಡೆ ಇಟ್ರೆ ಒಳ್ಳೆ ಸಿಗ್ನಲ್ ಬರತ್ತೆ. ಆದ್ರೆ ಚಾರ್ಜ್ ಮಾಡೋಕೆ ಇನ್ನೊಂದು ಸಾಮಾನು ಜಾಸ್ತಿ ಆಯ್ತು, ಆ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಜಿಪಿಎಸ್ ಇರೋ ಆಂಡ್ರಾಯ್ಡ್ ಟ್ಯಾಬೇ ಬರತ್ತೆ ಅನ್ನೋದು ನನ್ನ ವಾದ.

ಈಗ ಆ್ಯಪ್‌ಗೆ ಬರೋಣ. ಗೂಗಲ್ ಮ್ಯಾಪಲ್ಲೇ ಆಫ್‌ಲೈನ್ ಡೌನ್‌ಲೋಡ್ ಇದ್ಯಲ್ಲ ಅಂತೀರ. ಇದೆ, ಹೈವೇಲಿ ಊರಿಂದ ಊರಿಗೆ ಹೋಗೋಕೆ ಸಾಕು. ಆದ್ರೆ ಸ್ಯಾಟಲೈಟ್ ಚಿತ್ರ ಆಫ್‌ಲೈನ್ ಸಿಗಲ್ಲ, ಕಾಂಟೂರ್ (ಎತ್ತರ ತೋರಿಸೋ ಗೆರೆಗಳು) ಇಲ್ಲ, ಕಾಡುದಾರಿ ಮುಕ್ಕಾಲು ಪಾಲು ಇರೋದೇ ಇಲ್ಲ, ಅಪ್‌ಡೇಟ್ ಆಗ್ದಿದ್ರೆ ಡೌನ್‌ಲೋಡ್ ಎಕ್ಸ್‌ಪೈರ್ ಆಗತ್ತೆ. ಯೂಟ್ಯೂಬಲ್ಲಿ ಅಮೆರಿಕಾದವ್ರು ಓನ್‌ಎಕ್ಸ್ ಆಫ್‌ರೋಡ್ ಅಂತ ಕುಣೀತಾರೆ, ಅದು ಆ ದೇಶದ ದಾರಿಗಳಿಗೆ ಮಾಡಿದ್ದು, ನಮಗೆ ದುಡ್ಡು ದಂಡ. ಗಾಯಾ ಜಿಪಿಎಸ್ ಒಳ್ಳೆ ಆ್ಯಪೇ, ಆದ್ರೆ ಆಫ್‌ಲೈನ್ ಮ್ಯಾಪಿಗೆ ವರ್ಷ ವರ್ಷ ಚಂದಾ ಕಟ್ಬೇಕು.

ನಮಗೆ ಕೆಲಸಕ್ಕೆ ಬರೋದು ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ಬಳಸೋ ಆ್ಯಪ್‌ಗಳು. ಊರ ಜನ, ಸೈಕಲ್ ತುಳಿಯೋರು, ಟ್ರೆಕ್ಕರ್‌ಗಳು ಸೇರಿ ಬಿಡಿಸಿರೋ ಮ್ಯಾಪ್ ಅದು, ಘಟ್ಟದ ಎಸ್ಟೇಟ್ ದಾರಿಗಳು ಗೂಗಲ್‌ಗಿಂತ ಎಷ್ಟೋ ಕಡೆ ಇದರಲ್ಲೇ ಚೆನ್ನಾಗಿವೆ. ಸುಲಭವಾಗಿ ಶುರು ಮಾಡ್ಬೇಕು ಅಂದ್ರೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ, ಪುಕ್ಕಟೆ, ಜಾಹೀರಾತು ಇಲ್ಲ, ಹಳೇ ಟ್ಯಾಬಲ್ಲೂ ಸರಾಗ ಓಡತ್ತೆ, ಕಾಂಟೂರ್ ಲೈನೂ ತೋರಿಸತ್ತೆ. ಸೆಟ್ಟಿಂಗ್ಸ್ ಜಾಸ್ತಿ ಇಲ್ಲ, ಅದೇ ಅದರ ಗುಣ, ಅದೇ ಅದರ ಕೊರತೆ.

ಸೀರಿಯಸ್ ಆಗಿ ಓಡಾಡೋರಿಗೆ ನನ್ನ ಆಯ್ಕೆ ಓಸ್ಮ್ಯಾಂಡ್. ಮೊದ್ಲು ನೋಡಿದ್ರೆ ತಲೆ ಕೆಡತ್ತೆ, ಮೆನು ಒಳಗೆ ಮೆನು ಒಳಗೆ ಮೆನು, ಅಜ್ಜಿ ಮನೆ ಅಟ್ಟ ಇದ್ದ ಹಾಗೆ, ಬೇಕಾಗಿರೋದೆಲ್ಲ ಇದೆ ಆದ್ರೆ ಎಲ್ಲಿದೆ ಅಂತ ಹುಡುಕ್ಬೇಕು. ಪ್ಲೇ ಸ್ಟೋರಿಂದ ಪುಕ್ಕಟೆ ಹಾಕಿದ್ರೆ ಏಳು ಮ್ಯಾಪ್ ಡೌನ್‌ಲೋಡ್ ಅಷ್ಟೇ ಬಿಡ್ತಾರೆ, ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಸ್ಟೋರಿಂದ ಹಾಕಿದ್ರೆ ಆ ಮಿತಿ ಇಲ್ಲ. ಡೌನ್‌ಲೋಡ್ ಲಿಸ್ಟಲ್ಲಿ ಭಾರತ ತೆಗೆದ್ರೆ ರಾಜ್ಯವಾರು ಇದೆ. ಕರ್ನಾಟಕ ತಗೊಳಿ, ಗಡಿ ಕಡೆ ಹೋಗೋರು ಕೇರಳ ಅಥವಾ ಗೋವಾನೂ ತಗೊಳಿ, ಯಾಕಂದ್ರೆ ಮ್ಯಾಪ್ ಗಡೀಲಿ ಕತ್ತರಿಸಿದ ಹಾಗೆ ನಿಂತೋಗತ್ತೆ, ಕೊಡಗಿನ ತುದೀಲಿ ಇದು ಅನುಭವಕ್ಕೆ ಬರತ್ತೆ. ರಾಜ್ಯದ ಮ್ಯಾಪ್ ಜೊತೆ ಕಾಂಟೂರ್ ಲೈನ್ ಫೈಲ್ ಬೇರೆ, ಹಿಲ್‌ಶೇಡ್ (ಗುಡ್ಡಗಳನ್ನ ನೆರಳಿನ ಹಾಗೆ ತೋರಿಸೋದು) ಫೈಲ್ ಬೇರೆ, ಎರಡೂ ಇಳಿಸ್ಕೊಳಿ. ಜಾಗ ತಿನ್ನತ್ತೆ, ಅದಕ್ಕೇ 64 ಜಿಬಿಗಿಂತ ಕಮ್ಮಿ ಇರೋ ಟ್ಯಾಬ್ ಬೇಡ, ಮೆಮೊರಿ ಕಾರ್ಡ್ ಹಾಕೋಕೆ ಬರೋದಾದ್ರೆ ಇನ್ನೂ ಒಳ್ಳೇದು.

ಆಮೇಲೆ ಮ್ಯಾಪ್ ಸ್ಟೈಲ್ ಅಂತ ಇದೆ, ಅದನ್ನ ಆಫ್‌ರೋಡ್ ಅಥವಾ ಟೋಪೋಗೆ ಬದಲಾಯಿಸಿ, ಕಚ್ಚಾ ದಾರಿಗಳು ಎದ್ದು ಕಾಣತ್ತೆ. ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಕಚ್ಚಾ ದಾರಿಗೆ ಗ್ರೇಡ್ 1ರಿಂದ 5ರ ತನಕ ಇದೆ, 1 ಅಂದ್ರೆ ಗಟ್ಟಿ ಹಾಸು, 5 ಅಂದ್ರೆ ಬರೀ ಮಣ್ಣು ಹುಲ್ಲು. ಬಿಡಿಸಿದೋರು ಬೇಸಿಗೇಲಿ ನೋಡಿ ಗ್ರೇಡ್ ಹಾಕಿರ್ತಾರೆ, ಜುಲೈಯಲ್ಲಿ ಅದೇ 3 ನಿಮಗೆ 5 ಆಗಿ ಸಿಗತ್ತೆ ಅಂತ ಲೆಕ್ಕ ಇಟ್ಕೊಳಿ.

ಕಾಂಟೂರ್ ಓದೋದು ಕಲಿಯೋದಕ್ಕೆ ಒಂದು ಸಂಜೆ ಸಾಕು, ಅದರ ಲಾಭ ದೊಡ್ಡದು. ಒಂದು ಕಾಂಟೂರ್ ಗೆರೆ ಅಂದ್ರೆ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ರೆ ಕಡಿದಾದ ಜಾಗ, ದೂರ ದೂರ ಇದ್ರೆ ಸಪಾಟು. ಈಗ ನಿಮ್ಮ ದಾರಿ ಗೆರೆಗಳ ಜೊತೆ ಜೊತೆಗೇ ಹೋಗ್ತಿದ್ರೆ ಗುಡ್ಡದ ಪಕ್ಕೆ ಸುತ್ತುತ್ತಾ ಹೋಗ್ತಿದೀರ ಅಂತ, ಗೆರೆಗಳನ್ನ ಅಡ್ಡ ಕತ್ತರಿಸ್ತಾ ಹೋಗ್ತಿದ್ರೆ ನೇರ ಏರು ಇಲ್ಲಾ ನೇರ ಇಳಿಜಾರು. ಗೆರೆಗಳು ಒತ್ತೊತ್ತಾಗಿ ಇರೋ ಕಡೆ ನಿಮ್ಮ ದಾರಿ ಅಡ್ಡ ಕತ್ತರಿಸ್ಕೊಂಡು ಇಳಿದು, ಒಂದು ಸಣ್ಣ ನೀಲಿ ಗೆರೆ ದಾಟಿ, ಮತ್ತೆ ಅಡ್ಡ ಕತ್ತರಿಸ್ಕೊಂಡು ಹತ್ತತ್ತೆ ಅಂದ್ರೆ ಅಲ್ಲೊಂದು ಹಳ್ಳ ಇದೆ, ಎರಡೂ ಕಡೆ ಜಾರು. ಮಳೆ ಬಂದು ಹಳ್ಳ ಏರಿದ್ರೆ ಮುಂದೆ ಹೋಗೋಕಾಗಲ್ಲ, ಇಳಿದು ಬಂದ ಕೆಸರಲ್ಲಿ ವಾಪಸ್ ಹತ್ತೋಕೂ ಆಗಲ್ಲ. ಇಂಥ ಜಾಗಕ್ಕೆ ಮನೇಲೇ ಒಂದು ಕೆಂಪು ಗುರುತು ಹಾಕಿ, ಅಲ್ಲಿ ಇಳಿಯೋಕೆ ಮುಂಚೆ ಗಾಡಿ ನಿಲ್ಲಿಸಿ ನಡ್ಕೊಂಡು ಹೋಗಿ ನೋಡ್ಬೇಕು ಅಂತ. ಇಂಬಳ (ಜಿಗಣೆ) ಕಚ್ಚತ್ತೆ, ಕಚ್ಲಿ.

ಆ್ಯಪ್ ತಾನೇ ದಾರಿ ಹುಡುಕಿ ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅನ್ನೋದನ್ನ ಕಾಡಲ್ಲಿ ನಂಬ್ಬೇಡಿ. ಅದಕ್ಕೆ ಗೇಟ್ ಬೀಗ ಗೊತ್ತಿಲ್ಲ, ಮರ ಬಿದ್ದಿರೋದು ಗೊತ್ತಿಲ್ಲ. ಅದರ ಬದ್ಲು ಮೊದ್ಲೇ ಒಂದು ಜಿಪಿಎಕ್ಸ್ ಫೈಲ್ (ದಾರಿಯ ಗೆರೆ ಉಳಿಸಿಡೋ ಫೈಲ್) ಮಾಡ್ಕೊಂಡು ಅದರ ಗೆರೆ ಮೇಲೆ ಹೋಗೋದು ಸರಿ. ಮಾಡೋ ರೀತಿ ಹೀಗೆ: ಕಂಪ್ಯೂಟರಲ್ಲಿ ಗೂಗಲ್ ಅರ್ತ್ ಪ್ರೋ ಹಾಕಿ, ಅದು ಪುಕ್ಕಟೆ. ಅದರಲ್ಲಿ ಹಳೇ ವರ್ಷಗಳ ಚಿತ್ರ ನೋಡೋ ಗಡಿಯಾರದ ಗುರುತು ಇದೆ, ಒತ್ತಿ ಫೆಬ್ರವರಿ ಮಾರ್ಚ್ ತಿಂಗಳ ಚಿತ್ರ ಹುಡುಕಿ. ಮಳೆಗಾಲದ್ದಾದ್ರೆ ಬರೀ ಮೋಡ, ನವೆಂಬರಿಂದಾದ್ರೆ ಎಲ್ಲಾ ಹಸಿರೋ ಹಸಿರು, ಒಣಗಿದ ತಿಂಗಳಲ್ಲಿ ಮಾತ್ರ ಕೆಂಪು ಮಣ್ಣಿನ ದಾರಿ ದಾರದ ಎಳೆ ಥರ ಕಾಣತ್ತೆ. ಪಾತ್ ಟೂಲ್ ತಗೊಂಡು ಅದರ ಮೇಲೆ ಗೆರೆ ಎಳೀರಿ, ಕೆಎಂಎಲ್ (ಗೂಗಲ್ ಅರ್ತ್ ಬಳಸೋ ಫೈಲ್ ಬಗೆ) ಆಗಿ ಸೇವ್ ಮಾಡಿ, ಜಿಪಿಎಕ್ಸ್‌ಗೆ ಬದಲಾಯಿಸೋ ಸೈಟ್‌ಗಳು ಬೇಕಾದಷ್ಟಿವೆ. ಅಡಿಕೆ ತೋಟದ ಒಳಗೆ, ದಟ್ಟ ಮರದ ಕೆಳಗೆ ದಾರಿ ಕಾಣಲ್ಲ, ಅಂಥ ಕಡೆ ಎರಡು ತುದಿ ಗುರುತು ಹಾಕಿ ಮಧ್ಯೆ ಖಾಲಿ ಬಿಡಿ, ಅಂದಾಜಲ್ಲಿ ಗೆರೆ ಎಳೀಬೇಡಿ, ಎಳೆದ್ರೆ ಅಲ್ಲಿ ಹೋದಾಗ ನೀವೇ ಎಳೆದಿದ್ದು ಅಂತ ಮರೆತು ಅದನ್ನೇ ನಂಬ್ತೀರ.

ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ (ಗುಡ್ಡ, ಹಳ್ಳ, ಊರು ಎಲ್ಲಾ ತೋರಿಸೋ ಸರ್ಕಾರಿ ಮ್ಯಾಪ್) ಬಗ್ಗೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1767ರಲ್ಲಿ ಶುರುವಾದ ಇಲಾಖೆ, ಅವ್ರ 1:50,000 ಅಳತೆಯ ಓಪನ್ ಸೀರೀಸ್ ಮ್ಯಾಪ್‌ಗಳನ್ನ ಈಗ ಅವ್ರ ಪೋರ್ಟಲಲ್ಲಿ ರಿಜಿಸ್ಟರ್ ಆಗಿ ಪಿಡಿಎಫ್ ಆಗಿ ಇಳಿಸ್ಕೋಬೋದು. ಸಕಲೇಶಪುರ, ಬಿಸ್ಲೆ ಕಡೆದು ಹಳೇ ನಂಬರಿಂಗಲ್ಲಿ 48 ಪಿ ಒಳಗೆ ಬರತ್ತೆ. ದಾರಿ ವಿಷ್ಯಕ್ಕೆ ಇದು ಹಳೇದು, ಆದ್ರೆ ಹಳ್ಳ, ಗುಡ್ಡ, ಸಣ್ಣ ಊರುಗಳ ಹೆಸರು ಇದರಲ್ಲಿರೋ ಹಾಗೆ ಬೇರೆಲ್ಲೂ ಇಲ್ಲ. ದಾರೀಲಿ ಸಿಕ್ಕ ಅಜ್ಜನ ಹತ್ರ ದಾರಿ ಕೇಳ್ಬೇಕಾದ್ರೆ ಹೆಸರು ಗೊತ್ತಿರ್ಬೇಕು ತಾನೇ, ಸ್ಕ್ರೀನ್ ತೋರಿಸಿ ಅಜ್ಜಾ ಈ ಚುಕ್ಕೆ ಎಲ್ಲಿ ಬರತ್ತೆ ಅಂದ್ರೆ ಅವ್ರೇನು ಹೇಳ್ತಾರೆ. ಇದರ ಪ್ರಿಂಟ್ ಒಂದು ಪ್ಲಾಸ್ಟಿಕ್ ಕವರಲ್ಲಿ ಗಾಡೀಲಿ ಇರ್ಲಿ.

ಮ್ಯಾಪ್ ಮೇಲೆ ದಾರಿ ಇದೆ ಅಂದ ಮಾತ್ರಕ್ಕೆ ಹೋಗ್ಬೋದು ಅಂತಲ್ಲ. ಎಸ್ಟೇಟ್ ದಾರಿ ಖಾಸಗಿ, ಎಸ್ಟೇಟ್ ನೋಡ್ಕೊಳೋ ರೈಟರ್ ಹತ್ರ ಕೇಳಿ ಒಪ್ಪಿಗೆ ತಗೊಳ್ದೇ ಒಳಗೆ ಹೋಗ್ಬೇಡಿ. ಪುಷ್ಪಗಿರಿ ವನ್ಯಜೀವಿಧಾಮ, ಕುದುರೆಮುಖ ನ್ಯಾಷನಲ್ ಪಾರ್ಕ್ ಥರದ ಕಡೆ ಒಳದಾರಿಗೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಆ್ಯಪಲ್ಲಿ ಗೆರೆ ಇತ್ತು ಸಾರ್ ಅಂದ್ರೆ ಫಾರೆಸ್ಟರ್ ನಗ್ತಾರೆ ಅಷ್ಟೇ, ಆಮೇಲೆ ಕೇಸ್ ಬರೀತಾರೆ. ಓಸ್ಮ್ಯಾಂಡಲ್ಲಿ ಕಾಡಿನ ಗಡಿ ತೋರಿಸೋ ಆಯ್ಕೆ ಆನ್ ಮಾಡ್ಕೊಂಡು ಪ್ಲ್ಯಾನ್ ಮಾಡಿ. ಇನ್ನು 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ ಗುಡ್ಡ ಜರಿದಾಗ ಮಕ್ಕಂದೂರು, ಜೋಡುಪಾಲ ಕಡೆ ಎಷ್ಟೋ ದಾರಿ ಕೊಚ್ಚಿ ಹೋಯ್ತು, ಅದಕ್ಕೆ ಮುಂಚೆ ಯಾರೋ ರೆಕಾರ್ಡ್ ಮಾಡಿದ ಟ್ರ್ಯಾಕ್ ಸಿಕ್ರೆ ತಾರೀಕು ನೋಡಿ ಆಮೇಲೆ ನಂಬಿ.

ವಿದೇಶಿ ಗೈಡ್‌ಗಳಲ್ಲಿ ಟ್ಯಾಬ್ ಜೊತೆ ಗಾರ್ಮಿನ್ ಇನ್‌ರೀಚ್ ಥರದ ಸ್ಯಾಟಲೈಟ್ ಮೆಸೆಂಜರ್ ಇಟ್ಕೊಳಿ ಅಂತ ಇರತ್ತೆ. ನಮ್ಮಲ್ಲಿ ಅನುಮತಿ ಇಲ್ದೇ ಸ್ಯಾಟಲೈಟ್ ಫೋನ್, ಮೆಸೆಂಜರ್ ಇಟ್ಕೊಳೋದು ಕಾನೂನು ಪ್ರಕಾರ ತಪ್ಪು, ಏರ್‌ಪೋರ್ಟಲ್ಲಿ ವಿದೇಶಿ ಟೂರಿಸ್ಟ್‌ಗಳೇ ಇದಕ್ಕೆ ಸಿಕ್ಕಿಬಿದ್ದಿದಾರೆ. ಅಮೆರಿಕಾದಲ್ಲಿರೋ ಅಣ್ಣನೋ ಭಾವನೋ ಬರ್ವಾಗ ತರ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಬರೀ ರಿಸೀವ್ ಮಾಡೋ ಜಿಪಿಎಸ್‌ಗೆ ಇಂಥ ತೊಂದರೆ ಇಲ್ಲ. ಎಲ್ಲಿ ಹೋಗ್ತಿದೀವಿ, ಎಷ್ಟೊತ್ತಿಗೆ ಹೊರಗೆ ಬರ್ತೀವಿ ಅಂತ ಮನೇಲಿ ಒಬ್ರಿಗೆ ಆ ಜಿಪಿಎಕ್ಸ್ ಫೈಲ್ ವಾಟ್ಸಾಪ್ ಮಾಡಿ ಹೊರಡಿ.

ಹೊರಡೋ ಹಿಂದಿನ ರಾತ್ರಿ ಟ್ಯಾಬ್ ಫ್ಲೈಟ್ ಮೋಡಿಗೆ ಹಾಕಿ, ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆಗೀರಿ, ನಾಳೆ ಹೋಗೋ ದಾರಿ ಮೇಲೆ ಬೆರಳಾಡಿಸ್ತಾ ಕೊನೆ ತನಕ ಜೂಮ್ ಮಾಡಿ ನೋಡಿ, ಎಲ್ಲೂ ಬೂದು ಖಾಲಿ ಸಿಗ್ಬಾರ್ದು. ಕಾಂಟೂರ್ ಬರ್ತಿದ್ಯಾ, ಜಿಪಿಎಕ್ಸ್ ಗೆರೆ ಬರ್ತಿದ್ಯಾ, ಕೆಂಪು ಗುರುತುಗಳು ಇವ್ಯಾ. ಅದೇ ಆ್ಯಪ್, ಅದೇ ಫೈಲ್ ನಿಮ್ಮ ಫೋನಲ್ಲೂ ಇರ್ಲಿ, ಟ್ಯಾಬ್ ಕೈಕೊಟ್ರೆ ಫೋನ್ ಸಾಕು. ಗಾಡಿ ಸ್ಟಾರ್ಟ್ ಮಾಡ್ದಾಗ್ಲೇ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಮಾಡಿ, ಆಂಡ್ರಾಯ್ಡಲ್ಲಿ ಬ್ಯಾಟರಿ ಸೇವರ್ ಲಿಸ್ಟಿಂದ ಓಸ್ಮ್ಯಾಂಡನ್ನ ಹೊರಗಿಡಿ, ಇಲ್ದಿದ್ರೆ ಸ್ಕ್ರೀನ್ ಆಫ್ ಆದ ಕೂಡ್ಲೇ ರೆಕಾರ್ಡಿಂಗ್ ಸದ್ದಿಲ್ದೇ ನಿಲ್ಲತ್ತೆ. ದಾರಿ ತಪ್ಪಿದ್ರೆ ಬಂದ ಗೆರೆ ಮೇಲೇ ವಾಪಸ್ ಬರೋಕೆ ಅದೇ ಆಧಾರ. ದಟ್ಟ ಕಾಡೊಳಗೆ ಚುಕ್ಕೆ ಹತ್ತಿಪ್ಪತ್ತು ಮೀಟರ್ ಆಚೀಚೆ ಓಡಾಡತ್ತೆ, ಅದಕ್ಕೆ ಗಾಬರಿ ಬೇಡ, ಬಯಲು ಸಿಕ್ಕಿದ ಕೂಡ್ಲೇ ಸರಿ ಹೋಗತ್ತೆ.

ವಾಪಸ್ ಬಂದ್ಮೇಲೆ ಕೈಲಾದ್ರೆ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಅಕೌಂಟ್ ಮಾಡಿ, ನೋಡಿದ ಗೇಟ್, ಮುರಿದ ಮೋರಿ, ಮುಚ್ಚಿಹೋದ ದಾರಿ ತಿದ್ದಿ ಹಾಕಿ. ಎಸ್ಟೇಟ್ ಒಳಗಿಂದಾದ್ರೆ ಖಾಸಗಿ ಅಂತ ಗುರುತು ಹಾಕಿ. ಓಸ್ಮ್ಯಾಂಡ್ ಮ್ಯಾಪ್ ತಿಂಗಳಿಗೊಂದು ಸಲ ಹೊಸದಾಗಿ ಬರತ್ತೆ, ನೀವು ತಿದ್ದಿದ್ದು ಅದರಲ್ಲಿ ಸೇರಿರತ್ತೆ, ಮುಂದಿನ ಟ್ರಿಪ್ಪಿಗೆ ಮುಂಚೆ ಕರ್ನಾಟಕದ ಫೈಲ್ ಅಪ್‌ಡೇಟ್ ಒತ್ತಿದ್ರಾಯ್ತು.